ಕಾರ್ಬನ್ ಪ್ಲೇಟಿಗೆ ತೂತು ಕೊರೆಯುವಾಗ ಹಿಂಬದಿಯ ಪದರ ಏಕೆ ಕಿತ್ತುಬರುತ್ತದೆ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ವಿಎಂಸಿ (ಕಂಪ್ಯೂಟರ್ ಆದೇಶದಂತೆ ಲೋಹ ಕತ್ತರಿಸುವ, ಕೊರೆಯುವ ಯಂತ್ರ) ಪ್ರೋಗ್ರಾಮರ್ ಆಗಿದ್ದೇನೆ. ಇದುವರೆಗೆ ಅಲ್ಯೂಮಿನಿಯಂ ಮತ್ತು ಸ್ಟೀಲ್ ಜಾಬ್‌ಗಳನ್ನೇ ಮಾಡುತ್ತಿದ್ದೆವು. ಈಗ ಡ್ರೋನ್ ತಯಾರಕರೊಬ್ಬರಿಂದ 4 ಮಿ.ಮೀ. ದಪ್ಪದ ಕಾರ್ಬನ್-ಎಪಾಕ್ಸಿ ಪ್ಲೇಟುಗಳಲ್ಲಿ 6 ಮತ್ತು 10 ಮಿ.ಮೀ. ತೂತು ಕೊರೆಯುವ ಕೆಲಸ ಬಂದಿದೆ. ಮೇಲ್ಬದಿ ಚೆನ್ನಾಗಿ ಬರುತ್ತದೆ, ಹಿಂಬದಿಯಲ್ಲಿ ಪದರ ಸೀಳಿ ಏಳುತ್ತದೆ. ಸ್ಟೀಲಿಗೆ ಬಳಸುತ್ತಿದ್ದ ಕೋಟಿಂಗ್ ಇರುವ ಕಾರ್ಬೈಡ್ ಡ್ರಿಲ್ಲನ್ನೇ 4,000 ಆರ್‌ಪಿಎಂ, ಎಫ್ 150ರಲ್ಲಿ (ಫೀಡ್, ಅಂದರೆ ಡ್ರಿಲ್ ಇಳಿಯುವ ವೇಗ, ನಿಮಿಷಕ್ಕೆ 150 ಮಿ.ಮೀ.) ಓಡಿಸುತ್ತಿದ್ದೆ. ನಿಧಾನವಾಗಿ ಕೊರೆಯಿರಿ ಎಂದು ಸೇಠರು ಹೇಳಿದ್ದಕ್ಕೆ ಆರ್‌ಪಿಎಂ 1,500ಕ್ಕೆ ಇಳಿಸಿದೆ, ಹಾನಿ ಇನ್ನೂ ಹೆಚ್ಚಾಯಿತು. ಪಿಸಿಡಿ (ಕೃತಕ ವಜ್ರದ ಅಂಚಿನ) ಡ್ರಿಲ್ ಕೊಳ್ಳಲೇಬೇಕೇ? ಬದಿಯ ಹಲ್ಲುಗಳಿಂದಲೂ ಕತ್ತರಿಸುವ ಎಂಡ್ ಮಿಲ್‌ನಿಂದ ತೂತು ಮಾಡಿದರೆ ಪದರ ಏಳುವುದಿಲ್ಲ ಎನ್ನುತ್ತಾರೆ, ನಿಜವೇ? ಈಗಾಗಲೇ ಕೆಟ್ಟಿರುವ ಪ್ಲೇಟುಗಳನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಮೊದಲು ಆರ್‌ಪಿಎಂ ವಿಷಯವನ್ನು ಮುಗಿಸೋಣ, ಏಕೆಂದರೆ ನಿಮ್ಮ ತೊಂದರೆಯ ಮೂಲ ಅಲ್ಲಿಯೇ ಕಾಣುತ್ತದೆ. 4,000 ಆರ್‌ಪಿಎಂನಲ್ಲಿ ಎಫ್ 150 ಇದ್ದಾಗ ಡ್ರಿಲ್ ಪ್ರತಿ ಸುತ್ತಿಗೆ ಸುಮಾರು 0.04 ಮಿ.ಮೀ. ಕೆಳಗಿಳಿಯುತ್ತದೆ. ಎಫ್ ಅನ್ನು ಮುಟ್ಟದೆ ಆರ್‌ಪಿಎಂ ಮಾತ್ರ 1,500 ಮಾಡಿದಾಗ ಅದೇ ಲೆಕ್ಕ ಪ್ರತಿ ಸುತ್ತಿಗೆ 0.1 ಮಿ.ಮೀ. ಆಗುತ್ತದೆ. ಅಂದರೆ ಸ್ಪಿಂಡಲ್ ನಿಧಾನವಾಯಿತೇ ಹೊರತು ಡ್ರಿಲ್ ಪ್ರತಿ ಸುತ್ತಿನಲ್ಲಿ ಮೊದಲಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ದಪ್ಪದ ವಸ್ತುವನ್ನು ಕಚ್ಚುತ್ತಾ, ಅದಕ್ಕೆ ತಕ್ಕಂತೆ ಪ್ಲೇಟನ್ನು ಹೆಚ್ಚು ಬಲದಿಂದ ಕೆಳಕ್ಕೆ ಒತ್ತತೊಡಗಿತು. ಕಾರ್ಬನ್ ಪ್ಲೇಟನ್ನು ಕೆಡಿಸುವುದು ಡ್ರಿಲ್ ತಿರುಗುವ ವೇಗಕ್ಕಿಂತ ಹೆಚ್ಚಾಗಿ ಈ ಒತ್ತುವ ಬಲವೇ. ಸೇಠರ ಮಾತಿನ ಉದ್ದೇಶ ತಪ್ಪಲ್ಲ, ನಿಧಾನವಾಗಬೇಕಿದ್ದುದು ಫೀಡ್.

ಕಾರ್ಬನ್ ಪ್ಲೇಟು ಎಂದರೆ ನಾರಿನ ತೆಳು ಹಾಳೆಗಳನ್ನು ರಾಳದಿಂದ ಅಂಟಿಸಿ ಗಟ್ಟಿ ಮಾಡಿದ ಅಟ್ಟಿ. ಪದರದ ಒಳಗೆ, ನಾರಿನ ಉದ್ದಕ್ಕೆ ಅದರ ಬಲ ಅಪಾರ. ಪದರ ಮತ್ತು ಪದರದ ನಡುವೆ ಇರುವುದು ಬರೀ ರಾಳ. ಡ್ರಿಲ್ ಮೇಲ್ಭಾಗದಲ್ಲಿರುವಾಗ ಅದರ ಒತ್ತಡವನ್ನು ಹೊರಲು ಕೆಳಗೆ ಹತ್ತಾರು ಪದರಗಳಿರುತ್ತವೆ. ಕೆಳಗಿಳಿದಂತೆ ಹೊರುವ ಪದರಗಳ ಸಂಖ್ಯೆ ಕಡಿಮೆಯಾಗುತ್ತಾ ಬಂದು, ಕೊನೆಗೆ ಉಳಿದ ಒಂದೆರಡು ಪದರಗಳು ಕತ್ತರಿಸಿಕೊಳ್ಳುವ ಬದಲು ಬಗ್ಗಿ, ಅಂಟು ಬಿಟ್ಟು, ಕೆಳಕ್ಕೆ ಉಬ್ಬುತ್ತವೆ. ಹೋ-ಚೆಂಗ್ ಮತ್ತು ಧರನ್ ಎಂಬ ಇಬ್ಬರು 1990ರಲ್ಲಿ ಈ ಕ್ರಿಯೆಗೆ ಒಂದು ಗಣಿತದ ಮಾದರಿಯನ್ನು ಕೊಟ್ಟರು. ಅದರ ಪ್ರಕಾರ ಪದರಗಳು ಬಿಚ್ಚಿಕೊಳ್ಳದೆ ತಡೆಯಬಲ್ಲ ಗರಿಷ್ಠ ಬಲವು ಡ್ರಿಲ್ಲಿನ ಕೆಳಗೆ ಉಳಿದಿರುವ ದಪ್ಪದ ಒಂದೂವರೆ ಘಾತಕ್ಕೆ ಅನುಗುಣವಾಗಿರುತ್ತದೆ. ಸೂತ್ರವನ್ನು ಬದಿಗಿಟ್ಟು ನಿಮ್ಮ ಪ್ಲೇಟಿಗೇ ಅನ್ವಯಿಸಿ ನೋಡಿ: ಒಂದು ಪದರ 0.2 ಮಿ.ಮೀ. ಎಂದುಕೊಂಡರೆ, ಕೆಳಗೆ 2 ಮಿ.ಮೀ. ಉಳಿದಿದ್ದಾಗ ಪ್ಲೇಟು ತಡೆಯುತ್ತಿದ್ದ ಬಲಕ್ಕೆ ಹೋಲಿಸಿದರೆ ಕೊನೆಯ ಒಂದೇ ಪದರ ತಡೆಯುವ ಬಲ ಸುಮಾರು 32ರಲ್ಲಿ ಒಂದು ಪಾಲು ಮಾತ್ರ. ಡ್ರಿಲ್ ಮಾತ್ರ ಎರಡೂ ಕಡೆ ಒಂದೇ ಬಲದಿಂದ ಒತ್ತುತ್ತಿರುತ್ತದೆ. ಮೇಲ್ಬದಿ ಅಂದವಾಗಿದ್ದು ಹಿಂಬದಿ ಮಾತ್ರ ಕೆಡುವುದಕ್ಕೆ ಇದೇ ಕಾರಣ. ಮೇಲ್ಬದಿಯಲ್ಲಿಯೂ ಪದರ ಏಳುವುದುಂಟು, ಆದರೆ ಅದು ಡ್ರಿಲ್ಲಿನ ಸುರುಳಿ ಮೇಲಿನ ಪದರವನ್ನು ಸ್ಕ್ರೂವಿನಂತೆ ಮೇಲಕ್ಕೆಳೆಯುವುದರಿಂದ ಆಗುವಂಥದ್ದು, ಮತ್ತು ಫೀಡ್ ಮಿತವಾಗಿದ್ದರೆ ಸಾಮಾನ್ಯವಾಗಿ ಚಿಕ್ಕದಾಗಿಯೇ ಇರುತ್ತದೆ.

ಹೀಗಾಗಿ ನೀವು ಮಾಡಬೇಕಾದ ಕೆಲಸ ಎರಡೇ. ಡ್ರಿಲ್ ಹೊರಬರುವ ಕ್ಷಣದಲ್ಲಿ ಅದರ ಒತ್ತಡವನ್ನು ಇಳಿಸಬೇಕು, ಇಲ್ಲವೇ ಕೊನೆಯ ಪದರಕ್ಕೆ ಹಿಂದಿನಿಂದ ಆಸರೆ ಕೊಡಬೇಕು. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ಆಸರೆ ಎಲ್ಲಕ್ಕಿಂತ ಅಗ್ಗದ ಉಪಾಯ, ಆದರೂ ಶಾಪುಗಳಲ್ಲಿ ಇದನ್ನೇ ಅರೆಮನಸ್ಸಿನಿಂದ ಮಾಡುತ್ತಾರೆ. ಪ್ಲೇಟಿನ ಕೆಳಗೆ ಎಂಡಿಎಫ್ (ಮರದ ನಾರಿನ ಹಲಗೆ) ಅಥವಾ ಹೈಲಂ (ಕಾಗದ ಇಲ್ಲವೇ ಬಟ್ಟೆಯನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ) ಶೀಟನ್ನು ಇಟ್ಟು ಡ್ರಿಲ್ ಅದರೊಳಕ್ಕೂ ಹೋಗುವಂತೆ ಕೊರೆಯಬೇಕು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಸಿಗುವ ಸಾಧಾರಣ ಎಂಡಿಎಫ್ ಕೂಡ ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ಅದು ತೇವ ಕುಡಿದು ಉಬ್ಬುತ್ತದೆ. ಉಬ್ಬಿದ ಹಲಗೆಯ ಮೇಲೆ ಪ್ಲೇಟು ಸಮನಾಗಿ ಕೂರುವುದಿಲ್ಲ. ಆದ್ದರಿಂದ ನನ್ನ ಆಯ್ಕೆ ಹೈಲಂ. ಅದು ಗಟ್ಟಿಯಾಗಿ, ಸಮತಟ್ಟಾಗಿ ಇರುತ್ತದೆ, ಅಂಚಿನಲ್ಲಿ ಬರ್ (ಚೂಪು ಮುಳ್ಳು) ಬಿಡುವುದಿಲ್ಲ. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಅದೇ ಆಸರೆ ಹಲಗೆಯನ್ನು ಹತ್ತಾರು ಪ್ಲೇಟುಗಳಿಗೆ ಬಳಸುವುದು. ಎರಡನೆಯ ಪ್ಲೇಟು ಬರುವಷ್ಟರಲ್ಲಿ ನಿಮ್ಮ ಹಲಗೆಯಲ್ಲಿ ಆಗಲೇ ಅದೇ ಜಾಗದಲ್ಲಿ 6 ಮಿ.ಮೀ. ತೂತು ಬಿದ್ದಿರುತ್ತದೆ. ಆಸರೆ ಬೇಕಾದ ಜಾಗದಲ್ಲಿಯೇ ಆಸರೆ ಇರುವುದಿಲ್ಲ. ಸ್ಥಳ ಬದಲಿಸಲು ಸುಲಭವಾಗುವಂತೆ ಹಲಗೆಯನ್ನು ಫಿಕ್ಸ್ಚರಿನಲ್ಲಿ (ಪ್ಲೇಟನ್ನು ಹಿಡಿಯುವ ಚೌಕಟ್ಟು) ಜಾರಿಸುವ ವ್ಯವಸ್ಥೆ ಮಾಡಿಕೊಳ್ಳಿ, ಅಥವಾ ತೂತಿನ ಜಾಗದಲ್ಲಿ ಬದಲಿಸಬಹುದಾದ ಸಣ್ಣ ಬಿಲ್ಲೆಗಳನ್ನು ಕೂರಿಸಿ. ಕ್ಲ್ಯಾಂಪ್ ಕೂಡ ತೂತಿಗೆ ಹತ್ತಿರವಿರಬೇಕು. ನಾಲ್ಕು ಮೂಲೆಗಳಲ್ಲಿ ಮಾತ್ರ ಹಿಡಿದರೆ ಪ್ಲೇಟು ನಡುವೆ ಬಾಗಿ, ಆಸರೆ ಹಲಗೆಯೊಂದಿಗಿನ ಸಂಪರ್ಕ ತಪ್ಪುತ್ತದೆ ಮತ್ತು ಡ್ರಿಲ್ ಹೊರಬಿದ್ದ ಕೂಡಲೇ ಪ್ಲೇಟು ಮೇಲಕ್ಕೆ ಚಿಮ್ಮುತ್ತದೆ.

ಇನ್ನು ಒತ್ತಡ ಇಳಿಸುವ ವಿಷಯ. ಸಾಮಾನ್ಯ ಟ್ವಿಸ್ಟ್ ಡ್ರಿಲ್ಲಿನ ತುದಿಯನ್ನು ಭೂತಕನ್ನಡಿ ಹಿಡಿದು ನೋಡಿದರೆ ನಟ್ಟನಡುವೆ ಒಂದು ಅಡ್ಡಗೆರೆಯಂಥ ಚಿಸೆಲ್ ಎಡ್ಜ್ ಕಾಣುತ್ತದೆ. ಕೇಂದ್ರದಲ್ಲಿ ತಿರುಗುವ ವೇಗ ಸೊನ್ನೆಯಾದ್ದರಿಂದ ಅದು ಕತ್ತರಿಸುವುದಿಲ್ಲ, ಉಳಿಯಂತೆ ವಸ್ತುವನ್ನು ಒತ್ತಿ ಬದಿಗೆ ತಳ್ಳುತ್ತದೆ. ಡ್ರಿಲ್ಲಿನ ಒಟ್ಟು ಒತ್ತಡದಲ್ಲಿ ಸುಮಾರು ಅರ್ಧದಷ್ಟು ಈ ಚಿಕ್ಕ ಗೆರೆಯೊಂದರಿಂದಲೇ ಬರುತ್ತದೆ. 10 ಮಿ.ಮೀ. ತೂತಿಗೆ ಮೊದಲು 2 ಮಿ.ಮೀ. ಪೈಲಟ್ ತೂತು ಮಾಡಿಕೊಂಡರೆ ಚಿಸೆಲ್ ಎಡ್ಜಿಗೆ ಒತ್ತಲು ಏನೂ ಸಿಗದೆ ಒತ್ತಡ ಗಣನೀಯವಾಗಿ ಇಳಿಯುತ್ತದೆ. ಪೈಲಟ್ ತೂತನ್ನು ಚಿಸೆಲ್ ಎಡ್ಜಿನ ಉದ್ದಕ್ಕಿಂತ ಬಹಳ ದೊಡ್ಡದು ಮಾಡುವುದರಿಂದ ಹೆಚ್ಚಿನ ಲಾಭವಿಲ್ಲ. ಆದರೆ ತುದಿಯ ಆಕಾರವನ್ನೇ ಬದಲಿಸುವುದು ಇನ್ನೂ ಮೇಲು. ಬಡಗಿಗಳು ಮರಕ್ಕೆ ಬಳಸುವ, ನಡುವೆ ಮೊಳೆಯಂಥ ತುದಿ ಮತ್ತು ಅಂಚಿನಲ್ಲಿ ಎರಡು ಚೂಪು ಕೋಡುಗಳಿರುವ ಬಿಟ್‌ನ ಕಾರ್ಬೈಡ್ ರೂಪ ಕಾಂಪೋಸಿಟ್‌ಗೆಂದೇ ಸಿಗುತ್ತದೆ. ಕೋಡುಗಳು ತೂತಿನ ಪರಿಧಿಯಲ್ಲಿ ನಾರುಗಳನ್ನು ಮೊದಲೇ ಕತ್ತರಿಸಿಬಿಡುವುದರಿಂದ ನಡುವಿನ ಭಾಗವನ್ನು ಒತ್ತಿದಾಗ ಬಿರುಕು ಹೊರಗೆ ಹರಡುವುದು ಬಹಳ ಕಡಿಮೆಯಾಗುತ್ತದೆ. ಉದ್ದನೆಯ ಚೂಪಾದ ಡ್ಯಾಗರ್ ಡ್ರಿಲ್ ಕೂಡ ಕಾರ್ಬನ್ನಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಅದರ ತುದಿ ಪೂರ್ತಿ ಹೊರಬರಲು ಪ್ಲೇಟಿನ ಹಿಂದೆ ಸಾಕಷ್ಟು ಖಾಲಿ ಜಾಗ ಬೇಕಾಗುತ್ತದೆ.

ಪ್ರೋಗ್ರಾಮಿನಲ್ಲಿಯೇ ಮಾಡಬಹುದಾದ ಬದಲಾವಣೆ ಒಂದಿದೆ, ಅದಕ್ಕೆ ಖರ್ಚಿಲ್ಲ. 6 ಮಿ.ಮೀ. ಕಾರ್ಬೈಡ್ ಡ್ರಿಲ್ಲಿಗೆ ನಿಮಿಷಕ್ಕೆ 100 ಮೀಟರಿನ ಕತ್ತರಿಸುವ ವೇಗ ಹಿಡಿದರೆ ಸುಮಾರು 5,300 ಆರ್‌ಪಿಎಂ ಬರುತ್ತದೆ, ಸುತ್ತಿಗೆ 0.03 ಮಿ.ಮೀ. ಎಂದರೆ ಎಫ್ 159. ಪ್ಲೇಟಿನ ಮೇಲ್ಮೈಯನ್ನು ಝಡ್ (ಮೇಲೆ-ಕೆಳಗಿನ ಅಕ್ಷ) ಸೊನ್ನೆ ಎಂದಿಟ್ಟುಕೊಂಡು ಝಡ್ ಮೈನಸ್ 3.2ರವರೆಗೆ ಈ ಫೀಡಿನಲ್ಲಿ ಹೋಗಿ, ಅಲ್ಲಿಂದ ಎಫ್ 80ಕ್ಕೆ ಇಳಿಸಿ. 118 ಡಿಗ್ರಿ ತುದಿಯ 6 ಮಿ.ಮೀ. ಡ್ರಿಲ್ಲಿನಲ್ಲಿ ತುದಿಯ ಎತ್ತರವೇ 1.8 ಮಿ.ಮೀ. ಇರುತ್ತದೆ. ಎಂದರೆ ತುದಿ ಹೊರಗೆ ಇಣುಕಿದ ಮೇಲೂ ಅಂಚುಗಳು ಇನ್ನೂ ಒಳಗೇ ಕತ್ತರಿಸುತ್ತಿರುತ್ತವೆ, ಮತ್ತು ಸೀಳು ಪರಿಧಿಯ ಆಚೆಗೆ ಹರಡುವುದು ಹೆಚ್ಚಾಗಿ ಈ ಹಂತದಲ್ಲಿಯೇ. ಆದ್ದರಿಂದ ನಿಧಾನದ ಫೀಡನ್ನು ಝಡ್ ಮೈನಸ್ 6.5ರವರೆಗೆ ಉಳಿಸಿಕೊಳ್ಳಬೇಕು. ತುದಿ ಕಂಡ ಕೂಡಲೇ ಮತ್ತೆ ವೇಗ ಹೆಚ್ಚಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಹಾಗೆಂದು ಫೀಡನ್ನು ಇನ್ನೂ ಇಳಿಸುತ್ತಾ ಹೋಗಬೇಡಿ. ಪ್ರತಿ ಅಂಚು ಕಚ್ಚುವ ದಪ್ಪ ಆ ಅಂಚಿನ ದುಂಡಗಿನ ಅಳತೆಗಿಂತಲೂ ಕಡಿಮೆಯಾದರೆ ಡ್ರಿಲ್ ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಉಜ್ಜಿದರೆ ಬಿಸಿ. ಸರಿಯಾಗಿ ಓವನ್ನಿನಲ್ಲಿ ಬೇಯಿಸಿದ ವಿಮಾನದರ್ಜೆಯ ಎಪಾಕ್ಸಿ 120 ರಿಂದ 180 ಡಿಗ್ರಿಯವರೆಗೆ ತಾಳಿಕೊಂಡರೂ, ಕೋಣೆಯ ಉಷ್ಣತೆಯಲ್ಲಿಯೇ ಗಟ್ಟಿಯಾಗಲು ಬಿಟ್ಟ ಅಗ್ಗದ ಪ್ಲೇಟುಗಳ ರಾಳ 60-80 ಡಿಗ್ರಿಯ ಆಸುಪಾಸಿನಲ್ಲಿಯೇ ಮೆದುವಾಗಬಹುದು. ನಿಮ್ಮ ಪ್ಲೇಟು ಯಾವ ಬಗೆಯದು ಎಂದು ಗ್ರಾಹಕರನ್ನು ಕೇಳಿ ತಿಳಿದುಕೊಳ್ಳಿ. ತೂತಿನ ತಳದಲ್ಲಿ ಡ್ವೆಲ್ (ಡ್ರಿಲ್ಲನ್ನು ತಡೆದು ನಿಲ್ಲಿಸುವುದು) ಕೊಡಬೇಡಿ. 4 ಮಿ.ಮೀ. ದಪ್ಪಕ್ಕೆ ಪೆಕ್ ಸೈಕಲ್ (ಸ್ವಲ್ಪ ಸ್ವಲ್ಪವೇ ಕೊರೆದು ಡ್ರಿಲ್ಲನ್ನು ಮೇಲೆತ್ತುವುದು) ಅಗತ್ಯವೂ ಇಲ್ಲ. ಹೋಗಿ ಬಂದಾಗಲೆಲ್ಲ ಡ್ರಿಲ್ ತೂತಿನ ಗೋಡೆಯನ್ನು ಉಜ್ಜುತ್ತದೆ ಅಷ್ಟೇ.

ಎಂಡ್ ಮಿಲ್ ಬಗ್ಗೆ ನಿಮಗೆ ಹೇಳಿದವರು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದ್ದಾರೆ. ತೂತಿಗಿಂತ ಚಿಕ್ಕ ಎಂಡ್ ಮಿಲ್ ಅನ್ನು ಸುರುಳಿ ಸುತ್ತಿಸುತ್ತಾ ಕೆಳಗಿಳಿಸುವ ಈ ವಿಧಾನವನ್ನು ವಿಮಾನದ ಕೆಲಸದಲ್ಲಿ ಆರ್ಬಿಟಲ್ ಡ್ರಿಲ್ಲಿಂಗ್ ಎನ್ನುತ್ತಾರೆ. ಸ್ವೀಡನ್ನಿನ ನೋವೇಟರ್ ಕಂಪನಿ ಇದಕ್ಕೆಂದೇ ಯಂತ್ರಗಳನ್ನು ಮಾಡಿತು. ನಿಮ್ಮ ವಿಎಂಸಿಯಲ್ಲಿ ಅದನ್ನು ವೃತ್ತಾಕಾರದ ಚಲನೆಯ ಆದೇಶಗಳಾದ ಜಿ02 ಅಥವಾ ಜಿ03ರ ಜೊತೆಗೆ ಝಡ್ ಸೇರಿಸಿ ಮಾಡಬಹುದು. ಕತ್ತರಿಸುವ ಕೆಲಸದ ಬಹುಪಾಲು ಎಂಡ್ ಮಿಲ್ಲಿನ ಬದಿಯ ಹಲ್ಲುಗಳಿಗೆ ಹೋಗುವುದರಿಂದಲೂ, ಅದರ ಕೇಂದ್ರ ಒಂದೇ ಜಾಗದಲ್ಲಿ ನಿಲ್ಲದೆ ಸುತ್ತುತ್ತಿರುವುದರಿಂದಲೂ ಕೆಳಮುಖದ ಒತ್ತಡ ಡ್ರಿಲ್ಲಿಗಿಂತ ಬಹಳ ಕಡಿಮೆಯಿರುತ್ತದೆ. ನಿಮ್ಮ 10 ಮಿ.ಮೀ. ತೂತನ್ನು ನಾನಾಗಿದ್ದರೆ ಹೀಗೆಯೇ ಮಾಡುತ್ತೇನೆ. 6 ಮಿ.ಮೀ.ನ ನಾಲ್ಕು ಹಲ್ಲಿನ, ನಡುವಿನವರೆಗೂ ಹಲ್ಲಿರುವ ಕಾರ್ಬೈಡ್ ಎಂಡ್ ಮಿಲ್, 6,000 ಆರ್‌ಪಿಎಂ, ಎಂಡ್ ಮಿಲ್ಲಿನ ಕೇಂದ್ರ ತೂತಿನೊಳಗೆ ಒಂದು ವೃತ್ತ ಸುತ್ತುವಷ್ಟರಲ್ಲಿ ಝಡ್‌ನಲ್ಲಿ 0.3 ಮಿ.ಮೀ. ಇಳಿತ. ಇಲ್ಲಿ ಫೀಡ್ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಪ್ರೋಗ್ರಾಮಿನಲ್ಲಿ ನೀವು ಬರೆಯುವ ಎಫ್ ಎಂಡ್ ಮಿಲ್ಲಿನ ಕೇಂದ್ರದ ವೇಗ, ಆದರೆ ಕತ್ತರಿಸುವುದು ತೂತಿನ ಗೋಡೆಯಲ್ಲಿ. ಕೇಂದ್ರ 4 ಮಿ.ಮೀ. ವ್ಯಾಸದ ವೃತ್ತದಲ್ಲಿ ಸುತ್ತುವಾಗ ಗೋಡೆಯ ವೃತ್ತ 10 ಮಿ.ಮೀ., ಅಂದರೆ ಗೋಡೆಯಲ್ಲಿ ವೇಗ ಎರಡೂವರೆ ಪಟ್ಟು. ಹಲ್ಲಿಗೆ 0.03 ಮಿ.ಮೀ. ಬೇಕಾದರೆ ಗೋಡೆಯಲ್ಲಿ ನಿಮಿಷಕ್ಕೆ 720 ಮಿ.ಮೀ. ಇರಬೇಕು, ಆದ್ದರಿಂದ ಪ್ರೋಗ್ರಾಮಿನಲ್ಲಿ ಎಫ್ 288 ಬರೆಯಬೇಕು. 720 ಎಂದೇ ಬರೆದರೆ ಹಲ್ಲಿನ ಮೇಲೆ ಎರಡೂವರೆ ಪಟ್ಟು ಹೊರೆ ಬಿದ್ದು, ಡ್ರಿಲ್ಲೇ ವಾಸಿ ಎನಿಸುವಂಥ ತೂತು ಬರುತ್ತದೆ.

ಇದಕ್ಕೆ ತೆರುವ ಬೆಲೆ ಸಮಯ. ಮೇಲಿನ ಲೆಕ್ಕದಲ್ಲಿ ಒಂದು ತೂತಿಗೆ ಸುಮಾರು 40 ಸೆಕೆಂಡು, ಡ್ರಿಲ್ಲಿಗೆ ಐದಾರು ಸೆಕೆಂಡು. ಕೊಟೇಶನ್ ಕೊಡುವ ಮುನ್ನ ಸೇಠರಿಗೆ ಈ ವ್ಯತ್ಯಾಸವನ್ನು ತಿಳಿಸಿಬಿಡಿ. ಎಂಡ್ ಮಿಲ್ಲಿನ ವ್ಯಾಸ ತೂತಿನ ಅರ್ಧಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ನಡುವೆ ಕಂಬದಂತೆ ವಸ್ತು ಉಳಿದು ಕೊನೆಗೆ ಮುರಿದು ಬೀಳುತ್ತದೆ. ಹಳೆಯ ಮಷಿನ್ನಿನ ಅಕ್ಷಗಳಲ್ಲಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಇದ್ದರೆ ತೂತು ಅಂಡಾಕಾರವಾಗುತ್ತದೆ. 6 ಮಿ.ಮೀ. ತೂತಿಗೆ 4 ಮಿ.ಮೀ. ಎಂಡ್ ಮಿಲ್ ಬಾಗುವ ಸಂಭವ ಹೆಚ್ಚಿರುವುದರಿಂದ ಅದಕ್ಕೆ ಡ್ರಿಲ್ಲನ್ನೇ ಉಳಿಸಿಕೊಳ್ಳುವುದು ನನ್ನ ಸಲಹೆ. ಪ್ಲೇಟಿನ ಹೊರ ಅಂಚನ್ನು ಮಿಲ್ ಮಾಡುವ ಕೆಲಸವೂ ನಿಮ್ಮದೇ ಆಗಿದ್ದರೆ ಸಾಮಾನ್ಯ ಸುರುಳಿಯ ಎಂಡ್ ಮಿಲ್ ಮೇಲಿನ ಪದರವನ್ನು ಎಳೆದು ಜುಂಜು ಎಬ್ಬಿಸುತ್ತದೆ. ಮೇಲಿನ ಅರ್ಧ ಕೆಳಕ್ಕೆ, ಕೆಳಗಿನ ಅರ್ಧ ಮೇಲಕ್ಕೆ ತಳ್ಳುವಂತೆ ಎರಡು ದಿಕ್ಕಿನ ಸುರುಳಿಯಿರುವ ಕಂಪ್ರೆಷನ್ ರೂಟರ್ ಬಳಸಿ, ಸುರುಳಿಗಳು ಕೂಡುವ ಜಾಗ ಪ್ಲೇಟಿನ ದಪ್ಪದ ನಡುವೆ ಬರುವಂತೆ ಝಡ್ ಹೊಂದಿಸಿ.

ಈಗ ಪಿಸಿಡಿ. ಕಾರ್ಬನ್ ನಾರು ಕಾರ್ಬೈಡನ್ನು ಸಹ ಸವೆಸುತ್ತದೆ, ಮತ್ತು ಸವೆತವು ಚೂರು ಹಾರಿದಂತೆ ಕಾಣದೆ ಅಂಚು ನುಣ್ಣಗೆ ದುಂಡಗಾಗುವ ರೂಪದಲ್ಲಿ ಬರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಸ್ಟೀಲಿಗೆಂದು ಮಾಡಿದ ಟೈಟಾನಿಯಂ-ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗಿನಿಂದ ಇಲ್ಲಿ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ; ಆ ಲೇಪನ ಅಂಚನ್ನು ಇನ್ನಷ್ಟು ದುಂಡಗಾಗಿಸುತ್ತದೆ. ಸ್ಟೀಲ್ ಕೊರೆದ ಡ್ರಿಲ್ಲನ್ನೇ ಕಾರ್ಬನ್ನಿಗೆ ಹಾಕುವುದನ್ನು ಇಂದೇ ನಿಲ್ಲಿಸಿ. ಕೋಟಿಂಗ್ ಇಲ್ಲದ, ಹೊಸ, ಚೂಪಾದ ಕಾರ್ಬೈಡ್ ಡ್ರಿಲ್ ಒಂದನ್ನು ಕಾಂಪೋಸಿಟ್‌ಗೆ ಮೀಸಲಿಟ್ಟು, ಆಸರೆ ಮತ್ತು ಫೀಡ್ ಎರಡನ್ನೂ ಸರಿಪಡಿಸಿ ನೋಡಿ. ಆಮೇಲೂ ಡ್ರಿಲ್ಲುಗಳ ಖರ್ಚು ಹೆಚ್ಚೆನಿಸಿದರೆ ಮಾತ್ರ ವಜ್ರಲೇಪಿತ ಕಾರ್ಬೈಡಿಗೆ, ಆರ್ಡರ್ ದೊಡ್ಡದಾದರೆ ಪಿಸಿಡಿಗೆ ಹೋಗಿ. ಪಿಸಿಡಿಯನ್ನು ಮತ್ತೆ ಸಾಣೆ ಹಿಡಿಸಬಹುದು, ಲೇಪನದ ಡ್ರಿಲ್ಲಿಗೆ ಸಾಣೆ ಹಿಡಿದರೆ ಲೇಪನವೇ ಹೋಗುತ್ತದೆ. ಆಸರೆಯಿಲ್ಲದೆ, ಸುತ್ತಿಗೆ 0.1 ಮಿ.ಮೀ. ಫೀಡಿನಲ್ಲಿ ಓಡಿಸಿದರೆ ಪಿಸಿಡಿ ಡ್ರಿಲ್ ಕೂಡ ಪದರವನ್ನು ಕೀಳುತ್ತದೆ.

ಡ್ರಿಲ್ ಬದಲಿಸುವ ಸಮಯವನ್ನು ತಿಳಿಯಲು ಸಣ್ಣ ಡ್ರಿಲ್ಲುಗಳಲ್ಲಿ ಸ್ಪಿಂಡಲ್ ಲೋಡ್ ಮೀಟರ್ ನೋಡಿ ಪ್ರಯೋಜನವಿಲ್ಲ, ಮುಳ್ಳು ಅಲುಗುವುದೇ ಇಲ್ಲ. ತೂತನ್ನೇ ನೋಡಬೇಕು. ಹಿಂಬದಿಯನ್ನು ಆಫೀಸಿನ ಫ್ಲ್ಯಾಟ್‌ಬೆಡ್ ಸ್ಕ್ಯಾನರಿನಲ್ಲಿ 1,200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ 0.02 ಮಿ.ಮೀ.ನಷ್ಟಾಗುತ್ತದೆ, ಅಳೆಯಲು ಅದು ಧಾರಾಳ. ಹಾನಿಯ ಅತಿ ದೊಡ್ಡ ವ್ಯಾಸವನ್ನು ತೂತಿನ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಡಿಲ್ಯಾಮಿನೇಷನ್ ಫ್ಯಾಕ್ಟರ್. 6 ಮಿ.ಮೀ. ತೂತಿನ ಸುತ್ತ 7.5 ಮಿ.ಮೀ.ವರೆಗೆ ಪದರ ಎದ್ದಿದ್ದರೆ ಅದು 1.25. ಎಷ್ಟರವರೆಗೆ ಒಪ್ಪಬಹುದು ಎಂಬುದನ್ನು ಗ್ರಾಹಕರಿಂದ ಡ್ರಾಯಿಂಗಿನ ಮೇಲೆಯೇ ಬರೆಸಿಕೊಳ್ಳಿ. ಸ್ಕ್ಯಾನಿನಲ್ಲಿ ಕಾಣದ ಬಿರುಕಿಗೆ ಒಂದು ಸುಲಭ ಪರೀಕ್ಷೆಯುಂಟು: ತೂತಿನ ಸುತ್ತ ಐಸೊಪ್ರೊಪೈಲ್ ಆಲ್ಕೋಹಾಲ್ ಒರೆಸಿ, ಅದು ಆರುವುದನ್ನು ಓರೆಬೆಳಕಿನಲ್ಲಿ ನೋಡುತ್ತಿರಿ. ಮೇಲ್ಮೈಯೆಲ್ಲ ಒಣಗಿದರೂ ಬಿರುಕಿನೊಳಗೆ ಸೇರಿದ ದ್ರವ ತಡವಾಗಿ ಹೊರಬರುವುದರಿಂದ ಎದ್ದ ಪದರದ ಅಂಚು ಕಪ್ಪು ಗೆರೆಯಾಗಿ ಕೆಲವು ಕ್ಷಣ ಉಳಿಯುತ್ತದೆ. ಗಾಜಿನ ನಾರಿನ ಪ್ಲೇಟಾದರೆ ಇಷ್ಟೂ ಬೇಡ, ಬೆಳಕಿಗೆ ಹಿಡಿದರೆ ಬಿಚ್ಚಿಕೊಂಡ ಭಾಗ ಬೆಳ್ಳಗೆ ಕಾಣುತ್ತದೆ.

ನೋಡುವಾಗ ಒಂದು ಭೇದವನ್ನು ಗಮನಿಸಿ. ಹೊರಪದರದ ನಾರುಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೆ, ತೂತಿನ ಅಂಚಿನಲ್ಲಿ ಎದುರುಬದುರಾದ ಎರಡು ಜಾಗಗಳಲ್ಲಿ ಮಾತ್ರ ಕತ್ತರಿಸದೆ ಉಳಿದ ನಾರುಗಳು ಜುಂಜಾಗಿ ನಿಲ್ಲುತ್ತವೆ. ಅಲ್ಲಿ ಡ್ರಿಲ್ಲಿನ ಅಂಚು ನಾರನ್ನು ಕತ್ತರಿಸುವ ಬದಲು ಬಗ್ಗಿಸಿ ಜಾರುತ್ತದೆ. ಪ್ರತಿ ತೂತಿನಲ್ಲೂ ಅದೇ ಎರಡು ಜಾಗಗಳಲ್ಲಿ ಜುಂಜು ಕಂಡರೆ ಡ್ರಿಲ್ ಮೊಂಡಾಗುತ್ತಿದೆ ಎಂದರ್ಥ. ಆ ಜುಂಜನ್ನು 400 ನಂಬರಿನ ಎಮರಿ ಪೇಪರಿನಲ್ಲಿ ತೆಗೆದರೆ ತೂತು ಬಹುತೇಕ ಸರಿಯಾಗಿಯೇ ಇರುತ್ತದೆ. ಪದರ ಬಿಚ್ಚಿಕೊಂಡಿದ್ದರೆ ಎಮರಿಯಿಂದ ಏನೂ ಆಗದು. ಜುಂಜನ್ನೂ ಸೀಳನ್ನೂ ಒಂದೇ ಪಟ್ಟಿಯಲ್ಲಿ ರಿಜೆಕ್ಷನ್ ಎಂದು ಬರೆದರೆ ಕಾರಣ ಹುಡುಕುವುದು ಕಷ್ಟವಾಗುತ್ತದೆ. ಗ್ರಾಹಕರು ಒಪ್ಪುವುದಾದರೆ ಪ್ಲೇಟಿನ ಎರಡೂ ಹೊರಮೈಗಳಿಗೆ ನೇಯ್ದ ಬಟ್ಟೆಯ ಪದರ ಅಥವಾ ತೆಳುವಾದ ಗಾಜಿನ ಬಟ್ಟೆ ಹಾಕಿಸಲು ಹೇಳಿ. ನೇಯ್ಗೆಯ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಸೀಳು ಓಡುವುದಿಲ್ಲ. ಎಷ್ಟೋ ಸಲ ಟೂಲ್ ಬದಲಿಸುವುದಕ್ಕಿಂತ ಇದೇ ಹೆಚ್ಚು ಫಲ ಕೊಡುತ್ತದೆ.

ಇನ್ನೊಂದು ಮಾತು ಅಸೆಂಬ್ಲಿಗೆ ಸಂಬಂಧಿಸಿದ್ದು. ಕಾರ್ಬನ್ ಪ್ಲೇಟಿನಲ್ಲಿ ಕೊರೆದ ತೂತು ನಾರುಗಳು ಹಿಂದಕ್ಕೆ ಪುಟಿಯುವುದರಿಂದ ಡ್ರಿಲ್ಲಿಗಿಂತ ತುಸು ಚಿಕ್ಕದಾಗಿ ಬರುವುದುಂಟು. 6 ಮಿ.ಮೀ. ಪಿನ್ ಹೋಗದಿದ್ದಾಗ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಚೆನ್ನಾಗಿ ಕೊರೆದ ತೂತಿನ ಪದರವೂ ಏಳುತ್ತದೆ, ದೂರು ಮಾತ್ರ ನಿಮ್ಮ ಡ್ರಿಲ್ಲಿನ ಮೇಲೆ ಬರುತ್ತದೆ. ಕಳುಹಿಸುವ ಮುನ್ನ ಪಿನ್ ಗೇಜ್ (ನಿಖರ ಅಳತೆಯ ಕಡ್ಡಿ) ಹಾಕಿ ನೋಡಿ.

ಧೂಳಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕಾರ್ಬನ್ ಧೂಳು ವಿದ್ಯುತ್ ವಾಹಕ. ಅದು ವಿಎಂಸಿಯ ಎಲೆಕ್ಟ್ರಿಕಲ್ ಪ್ಯಾನಲ್ಲಿಗೆ ಸೇರಿದರೆ ಶಾರ್ಟ್ ಆಗುತ್ತದೆ, ಸ್ಲೈಡುಗಳ ಎಣ್ಣೆಯೊಂದಿಗೆ ಬೆರೆತರೆ ಅವನ್ನು ಸವೆಸುತ್ತದೆ. ಏರ್ ಗನ್ನಿನಿಂದ ಊದುವ ಅಭ್ಯಾಸವನ್ನು ಈ ಜಾಬಿನ ಮಟ್ಟಿಗಾದರೂ ಬಿಡಿಸಿ, ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿನ ಪೈಪನ್ನು ಡ್ರಿಲ್ಲಿನ ಪಕ್ಕದಲ್ಲಿಯೇ ಕಟ್ಟಿ. ಆಪರೇಟರ್ ಎನ್95 ಮಾಸ್ಕ್ ಮತ್ತು ತುಂಬುತೋಳಿನ ಅಂಗಿ ಧರಿಸಲಿ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು.

ಕೆಟ್ಟಿರುವ ಪ್ಲೇಟುಗಳ ವಿಷಯ ಕೊನೆಗೆ. ಎದ್ದ ಪದರದ ಕೆಳಗೆ ನೀರಿನಷ್ಟು ತೆಳುವಾದ ಎಪಾಕ್ಸಿಯನ್ನು ಸಿರಿಂಜಿನಿಂದ ಸೇರಿಸಿ, ಎರಡೂ ಬದಿಗೆ ಟೆಫ್ಲಾನ್ ಹಾಳೆಯಿಟ್ಟು ಸಿ-ಕ್ಲ್ಯಾಂಪಿನಿಂದ ಬಿಗಿದು ಗಟ್ಟಿಯಾಗಲು ಬಿಟ್ಟರೆ ನೋಟಕ್ಕೂ ತಕ್ಕಮಟ್ಟಿನ ಬಲಕ್ಕೂ ಸರಿಹೋಗುತ್ತದೆ. ತೂತಿನೊಳಗೆ ಇಳಿದ ರಾಳವನ್ನು ಆಮೇಲೆ ಕೈಯಿಂದ ರೀಮರ್ ಹಾಕಿ ತೆಗೆಯಬೇಕು. ಆಲ್ಕೋಹಾಲ್ ಪರೀಕ್ಷೆ ಮಾಡಿದ ಪ್ಲೇಟಾದರೆ ಮೊದಲು ಬಿಸಿಗಾಳಿಯಲ್ಲಿ ಚೆನ್ನಾಗಿ ಒಣಗಿಸಿ, ಇಲ್ಲವಾದರೆ ರಾಳ ಹಿಡಿಯುವುದಿಲ್ಲ. ಬ್ಯಾಟರಿ ಟ್ರೇ ಅಥವಾ ಕವರಿನಂಥ, ಹೆಚ್ಚು ಭಾರ ಬೀಳದ ಪ್ಲೇಟುಗಳಿಗೆ ಗ್ರಾಹಕರಿಗೆ ತಿಳಿಸಿ, ಅವರ ಲಿಖಿತ ಒಪ್ಪಿಗೆ ಪಡೆದು ಹೀಗೆ ಮಾಡಬಹುದು. ಮೋಟರ್ ಕೂರುವ ತೋಳುಗಳ ತೂತುಗಳಿಗೆ ಮಾಡಬೇಡಿ. ಅಲ್ಲಿ ಹಾರಾಟದ ಉದ್ದಕ್ಕೂ ಕಂಪನದ ಹೊರೆ ಬೀಳುವುದರಿಂದ ಅಂಟಿಸಿದ ಪದರ ಮತ್ತೆ ಅದೇ ಜಾಗದಲ್ಲಿ ಬಿಡುವ ಸಂಭವ ಹೆಚ್ಚು. ಅಂಥ ಪ್ಲೇಟುಗಳನ್ನು ಹೊಸ ಡ್ರಿಲ್ಲಿನ ಫೀಡ್ ಹೊಂದಿಸಲು ಟ್ರಯಲ್ ಪೀಸುಗಳಾಗಿ ಇಟ್ಟುಕೊಳ್ಳಿ.